ಬೆಂಚಿನ ಹಿಂದಿನ ಬೋಳುತಲೆ

2025ರ ಸೆಪ್ಟೆಂಬರ್‌ನಲ್ಲಿ ಐಸ್ ಹಾಕಿಯ ಗೋಲ್‌ಕೀಪರ್ ಕೆನ್ ಡ್ರೈಡನ್ ತೀರಿಕೊಂಡರು. ಮೈಸೂರಿನ ನನ್ನ ಮನೆಗೆ ಬರುವ ಪತ್ರಿಕೆಯಲ್ಲಿ ಆ ಸುದ್ದಿ ಕಾಣಲಿಲ್ಲ. ನನಗೆ ತಿಳಿಸಿದವನು ಮಿನ್ನೆಸೋಟಾದ ಹಳೆಯ ಸಹೋದ್ಯೋಗಿ. ಈಗ ನಿವೃತ್ತನಾಗಿದ್ದಾನೆ, ಎರಡೂ ಮೊಣಕಾಲು ಬದಲಾಯಿಸಿಕೊಂಡು ಮನೆಯಲ್ಲಿದ್ದಾನೆ. ‘ಗೋಲಿ ಹೋದ’ ಎಂದಷ್ಟೇ ಬರೆದು 1970ರ ದಶಕದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಒಂದು ಗುಂಪು ಫೋಟೊ ಕಳಿಸಿದ್ದ. ಅದರ ಕೆಳಗೆ ಇನ್ನೊಂದು ಸಾಲು: ‘ನಿನ್ನ ಬೋಳುತಲೆಯನ್ನು ಹುಡುಕು.’

ಹುಡುಕುವುದು ಕಷ್ಟವಾಗಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಸೇಂಟ್ ಪಾಲ್ ನಗರದ ಒಳಾಂಗಣದಲ್ಲಿ, ಆಟಗಾರರ ಬೆಂಚಿನ ಹಿಂದೆ ಕೋಟು ಟೈ ತೊಟ್ಟು ನಿಂತಿರುತ್ತಿದ್ದ ಮನುಷ್ಯ ಫೋಟೊದಲ್ಲಿ ಯುವಕ. ಆಗಲೇ ಮುಂದಲೆ ಖಾಲಿಯಾಗತೊಡಗಿದೆ. ಹೆಸರು ಜಾಕ್ ಲೆಮೇರ್. ಆಟಗಾರನಾಗಿ ಎಂಟು ಸಲ ಎನ್‌ಎಚ್‌ಎಲ್ ಲೀಗ್‌ನ ಸ್ಟಾನ್ಲಿ ಕಪ್ ಗೆದ್ದವನು, ಕೋಚ್ ಆಗಿ ಒಂದು ಸಲ. ಅವನನ್ನು ನಾನು ಮಾತಾಡಿಸಿದ್ದಿಲ್ಲ, ಹತ್ತಿರದಿಂದ ನೋಡಿದ್ದೂ ಇಲ್ಲ. ಆದರೂ ನನ್ನ ಬದುಕಿನ ಒಂದು ತುಂಡನ್ನು ನೆನೆದರೆ ಅದರೊಳಗೆ ಅವನು ನಿಂತೇ ಇರುತ್ತಾನೆ, ಬಾಯಲ್ಲಿ ಏನನ್ನೋ ಜಗಿಯುತ್ತ, ಮುಖದಲ್ಲಿ ಏನನ್ನೂ ತೋರಗೊಡದೆ.

ನಾನು ಸೇಂಟ್ ಪಾಲ್‌ಗೆ ಹೋದದ್ದು 2000ನೇ ಇಸವಿಯ ಕೊನೆಯಲ್ಲಿ. ಅದಕ್ಕೆ ಮೊದಲು ನ್ಯೂಜೆರ್ಸಿಯ ಒಂದು ಗೆಸ್ಟ್ ಹೌಸಿನಲ್ಲಿ, ನೆಲದ ಮೇಲೆ ಹಾಸಿಗೆ ಹಾಕಿಕೊಂಡು, ಹೈದರಾಬಾದಿನ, ಚೆನ್ನೈನ ಹುಡುಗರ ಜೊತೆ ಕೆಲಸಕ್ಕಾಗಿ ಕಾಯುತ್ತಿದ್ದೆ. ಕರೆಸಿಕೊಂಡ ಕಂಪನಿ ದಿನಕ್ಕೊಂದು ಊರಿನ ಹೆಸರು ಹೇಳುತ್ತಿತ್ತು. ಕೊನೆಗೆ ಬಂದ ಹೆಸರು ಮಿನ್ನೆಸೋಟಾ. ‘ಅಲ್ಲಿಗಾ? ಮೂಗು ಉದುರಿ ಬೀಳುತ್ತೆ’ ಅಂದರು ಜೊತೆಯವರು. ಸೋಮವಾರಪೇಟೆಯ ಮಳೆಯಲ್ಲಿ ಬೆಳೆದವನಿಗೆ ಚಳಿಯೇನು ಮಹಾ ಎಂದುಕೊಂಡು ಹೊರಟೆ. ಅದು ಚಳಿಯ ಬಗ್ಗೆ ಏನೂ ಗೊತ್ತಿಲ್ಲದವನ ಧೈರ್ಯ.

ವಿಮಾ ಕಂಪನಿಯೊಂದರ ಹಳೇ ಮೇನ್‌ಫ್ರೇಮ್ ಕೆಲಸ. ಪಕ್ಕದ ಕ್ಯೂಬಿಕಲ್‌ನಲ್ಲಿದ್ದವನೇ ಈ ಗೆಳೆಯ. ಉತ್ತರ ಮಿನ್ನೆಸೋಟಾದ ಕಬ್ಬಿಣದ ಗಣಿ ಊರೊಂದರಿಂದ ಬಂದವನು. ಅಪ್ಪ, ಚಿಕ್ಕಪ್ಪಂದಿರೆಲ್ಲ ಗಣಿಯಲ್ಲಿ ದುಡಿದವರು. ಬಿಡುವಿನಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಾಗ, ಶಾಲೆಯಲ್ಲಿ ಹಾಕಿ ಆಡುತ್ತಿದ್ದೆ ಅಂದೆ. ಕಣ್ಣರಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹುಲ್ಲಿನ ಮೇಲೆ ಆಡುವ ಹಾಕಿ ಎಂದು ಗೊತ್ತಾದ ಮೇಲೆ ಮೆಲ್ಲಗೆ, ‘ಅದನ್ನು ಇಲ್ಲಿ ಹುಡುಗಿಯರು ಆಡುತ್ತಾರೆ, ಪರವಾಗಿಲ್ಲ’ ಅಂದ. ಆ ‘ಪರವಾಗಿಲ್ಲ’ದಿಂದ ನಮ್ಮ ಸ್ನೇಹ ಶುರುವಾಯಿತು.

ಅವನ ಭಾವನಿಗೆ ಜ್ವರ ಬಂದದ್ದು ನನ್ನ ಅದೃಷ್ಟ. ಹಾಗಾಗಿ ಆ ಡಿಸೆಂಬರ್ 17ರ ಪಂದ್ಯದ ಟಿಕೆಟ್ ನನಗೆ ಸಿಕ್ಕಿತು. ಅದು ಎಂಥ ಪಂದ್ಯ ಎಂಬುದು ನನಗೆ ಗೊತ್ತಿರಲಿಲ್ಲ. ಮಿನ್ನೆಸೋಟಾದವರಿಗೆ ಮೊದಲು ನಾರ್ತ್ ಸ್ಟಾರ್ಸ್ ಎಂಬ ತಂಡವಿತ್ತು. 1993ರಲ್ಲಿ ಮಾಲೀಕ ಅದನ್ನು ಎತ್ತಿಕೊಂಡು ಟೆಕ್ಸಾಸಿನ ಡಲ್ಲಾಸ್‌ಗೆ ಹೋದ. ಕೆರೆ ಹೆಪ್ಪುಗಟ್ಟುವ ಊರಿನಿಂದ ಹಿಮ ಬೀಳುವುದೇ ಅಪರೂಪವಾದ ಊರಿಗೆ ಹೋದ ತಂಡ 1999ರಲ್ಲಿ ಕಪ್ಪನ್ನೂ ಗೆದ್ದು ಗಾಯಕ್ಕೆ ಉಪ್ಪು ಸವರಿತು. ಏಳು ವರ್ಷ ತಂಡವಿಲ್ಲದೆ ಕೂತಿದ್ದವರಿಗೆ 2000ದಲ್ಲಿ ಮಿನ್ನೆಸೋಟಾ ವೈಲ್ಡ್ ಎಂಬ ಹೊಸ ತಂಡ ಸಿಕ್ಕಿತು. ಆ ರಾತ್ರಿ ಡಲ್ಲಾಸ್‌ನವರು ಮೊದಲ ಸಲ ಹಳೇ ಊರಿಗೆ ಆಡಲು ಬಂದಿದ್ದರು. ಕಸುಬು ಕಲಿಯುತ್ತಿದ್ದ ಹೊಸ ತಂಡ ಅವರನ್ನು 6-0ಯಿಂದ ಹೊಡೆದು ಕಳಿಸಿತು. ಪಕ್ ಎಂಬ ಆ ರಬ್ಬರ್ ಬಿಲ್ಲೆ ಎಲ್ಲಿದೆ ಎಂದು ನನಗೆ ಅರ್ಧ ಹೊತ್ತು ಕಾಣಲೇ ಇಲ್ಲ. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಪ್ರತಿ ಗೋಲಿಗೂ ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ಗೆಳೆಯ ಅಳುತ್ತಿದ್ದ. ಜನ ಇಷ್ಟು ಕೂಗಿದರೂ ಬೆಂಚಿನ ಹಿಂದೆ ಆ ಒಬ್ಬ ಮನುಷ್ಯ ಮಾತ್ರ, ಮೂರನೇ ಗೋಲಿಗೂ ಆರನೇ ಗೋಲಿಗೂ ವ್ಯತ್ಯಾಸವೇ ಇಲ್ಲದಂತೆ, ಮುಂದೆ ಬಾಗಿ ಯಾರೋ ಹುಡುಗನ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಗೆಲುವು ಖಚಿತವಾದ ಮೇಲೂ ತಪ್ಪು ತಿದ್ದುತ್ತಿದ್ದ.

ಅವನು ಯಾರೆಂದು ಕೇಳಿದೆ. ‘ಮಾಂಟ್ರಿಯಲ್‌ನವನು’ ಎಂದ ಗೆಳೆಯ.

ಮಾಂಟ್ರಿಯಲ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಬೈಗುಳವಾಗಿ. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಸೈನ್ಯದಲ್ಲಿದ್ದು ಬಂದವರು, ಅಲ್ಲಿನ ತಂಡದಲ್ಲಿ ಹಾಕಿ ಆಡಿದವರು. ನಮ್ಮ ತಾಲ್ಲೂಕಿನಲ್ಲಿ ಹಾಕಿಗೆ ದೇವರಷ್ಟೇ ಮರ್ಯಾದೆ. ಸೋಮವಾರಪೇಟೆಯ ಬಿ.ಪಿ. ಗೋವಿಂದ 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದ್ದರು. ಮುಂದಿನ ವರ್ಷ ಒಲಿಂಪಿಕ್ಸ್‌ಗೂ ಹೋಗಿದ್ದರು. ಆ ಒಲಿಂಪಿಕ್ಸ್ ನಡೆದದ್ದು ಮಾಂಟ್ರಿಯಲ್‌ನಲ್ಲಿ. ಒಲಿಂಪಿಕ್ಸ್ ಹಾಕಿಯನ್ನು ಮೊದಲ ಸಲ ಕೃತಕ ಹಾಸಿನ ಮೇಲೆ ಆಡಿಸಿದ್ದೂ ಅಲ್ಲೇ. ವಿಶ್ವ ಚಾಂಪಿಯನ್ನರಾಗಿ ಹೋದ ಭಾರತ ಏಳನೆಯ ಸ್ಥಾನಕ್ಕೆ ಕುಸಿದು ಬಂತು. ‘ಮಾಂಟ್ರಿಯಲ್‌ನವರು ನಮ್ಮ ಆಟವನ್ನೇ ಕೊಂದರು’ ಎನ್ನುತ್ತಿದ್ದರು ಮೇಷ್ಟ್ರು. ಯಾರಾದರೂ ಚೆಂಡು ನಿಲ್ಲಿಸಲು ತಪ್ಪಿದರೆ ‘ಏನೋ ಮಾಂಟ್ರಿಯಲ್!’ ಎಂದು ಕೂಗುತ್ತಿದ್ದರು. ನಾವು ಕೆಂಪು ಮಣ್ಣಿನ ಮೇಲೆ, ಕಲ್ಲುಗಳು ತಲೆ ಎತ್ತಿದ ಮೈದಾನದಲ್ಲಿ, ಕಂಡರಿಯದ ಆ ಊರನ್ನು ಶಪಿಸುತ್ತ ಬೆಳೆದೆವು.

ಅದೇ 1976ರಲ್ಲಿ, ಅದೇ ಊರಿನ ಮಂಜಿನ ಮೈದಾನದಲ್ಲಿ ಲೆಮೇರ್ ಇದ್ದ ತಂಡ ಸತತ ನಾಲ್ಕು ಕಪ್‌ಗಳ ಸರಣಿ ಆರಂಭಿಸಿತ್ತು. 1976-77ರ ಋತುವಿನ 80 ಪಂದ್ಯಗಳಲ್ಲಿ ಆ ತಂಡ ಸೋತದ್ದು ಎಂಟರಲ್ಲಿ ಮಾತ್ರ. ಗೋಲಿನಲ್ಲಿ ಡ್ರೈಡನ್. ಒಂದು ಅಂಚಿನಲ್ಲಿ ಕೂದಲು ಹಾರಿಸಿಕೊಂಡು ಬರುವ ಗೀ ಲಾಫ್ಲರ್, ಇನ್ನೊಂದು ಅಂಚಿನಲ್ಲಿ ಆ ಋತುವಿನಲ್ಲಿ 60 ಗೋಲು ಹೊಡೆದ ಸ್ಟೀವ್ ಶಟ್. ಇಬ್ಬರ ನಡುವೆ ಲೆಮೇರ್. ಹುಡುಗನಾಗಿದ್ದಾಗ ಉಕ್ಕಿನ ಪಕ್ ಇಟ್ಟುಕೊಂಡು ಹೊಡೆತ ಅಭ್ಯಾಸ ಮಾಡಿ ತೋಳು ಗಟ್ಟಿ ಮಾಡಿಕೊಂಡ ಎಂಬ ಕಥೆ ಅವನ ಬಗ್ಗೆ ಪ್ರಸಿದ್ಧ. 1971ರ ಫೈನಲ್‌ನ ಏಳನೇ ಪಂದ್ಯದಲ್ಲಿ, ಷಿಕಾಗೋದಲ್ಲಿ, ಮಾಂಟ್ರಿಯಲ್ 0-2 ಹಿಂದಿದ್ದಾಗ ಮೈದಾನದ ನಡುಭಾಗದಿಂದಲೇ ಒಂದು ಹೊಡೆತ ಹೊಡೆದ. ಟೋನಿ ಎಸ್ಪೊಸಿಟೊ ಎಂಬ ಮಹಾ ಗೋಲಿಯನ್ನು ದಾಟಿ ಅದು ಒಳಗೆ ಹೋಯಿತು. ಮುಂದೆ ಆನ್ರಿ ರಿಷಾರ್ ಎರಡು ಗೋಲು ಹೊಡೆದು ಕಪ್ ಗೆಲ್ಲಿಸಿದ. 1977ರಲ್ಲಿ ಬಾಸ್ಟನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಕಪ್ ಗೆದ್ದುಕೊಟ್ಟ ಗೋಲು ಲೆಮೇರನದೇ; 1979ರಲ್ಲೂ ಕಪ್ ತಂದ ಗೋಲು ಅವನದೇ. 853 ಪಂದ್ಯ, 366 ಗೋಲು, ಒಂದೇ ತಂಡ.

ಇಂಥವನು ಮುಂದೆ ಗೋಲು ತಡೆಯುವುದರಲ್ಲಿ ಹೆಸರು ಮಾಡಿದ ಎಂದು ಎಲ್ಲರೂ ಆಶ್ಚರ್ಯಪಡುತ್ತಾರೆ. ನನಗೆ ಆಶ್ಚರ್ಯವಿಲ್ಲ. ಆ ಕಾಲದ ಪಂದ್ಯಗಳ ತುಣುಕುಗಳನ್ನು ಈಗ ಯಾರು ಬೇಕಾದರೂ ನೋಡಬಹುದು. ಲಾಫ್ಲರ್ ಹಾರಿದಾಗ ಎಲ್ಲರ ಕಣ್ಣು ಅವನ ಮೇಲಿರುತ್ತದೆ. ಆ ಹೊತ್ತಿನಲ್ಲಿ ಪಕ್ ಕೈತಪ್ಪಿದರೆ ಮೊದಲು ಹಿಂದಕ್ಕೆ ತಿರುಗುವವನು ಯಾರು ಎಂದು ನೋಡಿ. ಕೋಚ್ ಆಗುವ ಮೊದಲೇ ಅವನೊಳಗೆ ಆ ಕೋಚ್ ಇದ್ದ.

1979ರಲ್ಲಿ ನಾಲ್ಕನೇ ಕಪ್ ಗೆದ್ದ ಬೇಸಿಗೆಯಲ್ಲೇ ಡ್ರೈಡನ್ ನಿವೃತ್ತನಾದ. ವಕೀಲಿ ಓದಿದ್ದ ಅವನು ಮುಂದೆ ಪುಸ್ತಕ ಬರೆದ, ಪಾರ್ಲಿಮೆಂಟಿಗೂ ಹೋಗಿ ಮಂತ್ರಿಯಾದ. ಅದೇ ಬೇಸಿಗೆಯಲ್ಲಿ ಲೆಮೇರನೂ ಬಿಟ್ಟ. ವಯಸ್ಸು 33. ಇನ್ನೂ ಮೂರು ನಾಲ್ಕು ವರ್ಷ ಸುಲಭವಾಗಿ ಆಡಿ ದುಡ್ಡು ಮಾಡಬಹುದಿತ್ತು. ಅವನು ಹೋದದ್ದು ಸ್ವಿಟ್ಜರ್‌ಲೆಂಡಿನ ಸಿಯೆರ್ ಎಂಬ ಸಣ್ಣ ಊರಿಗೆ, ಆಡುತ್ತಲೇ ಕೋಚ್ ಕೆಲಸ ಮಾಡಲು. ಅಲ್ಲಿಂದ ಅಮೆರಿಕದ ಪ್ಲಾಟ್ಸ್‌ಬರ್ಗ್‌ನ ಸರ್ಕಾರಿ ಕಾಲೇಜಿಗೆ ಸಹಾಯಕ ಕೋಚ್ ಆಗಿ. ಅಲ್ಲಿಂದ ಮಾಂಟ್ರಿಯಲ್‌ನ ಹೊಳೆಯಾಚೆಗಿನ ಲಾಂಗೆಯ್‌ನಲ್ಲಿ ಹದಿಹರೆಯದ ಹುಡುಗರ ತಂಡಕ್ಕೆ. ಮಾಂಟ್ರಿಯಲ್ ತಂಡದ ಬೆಂಚಿನ ಹಿಂದೆ ಮುಖ್ಯ ಕೋಚ್ ಆಗಿ ನಿಂತದ್ದು 1984ರಲ್ಲಿ. ಊರಿನ ಪತ್ರಕರ್ತರ ಕಾಟ ಹಿಡಿಸದೆ 1985ರಲ್ಲಿ ಅದನ್ನೂ ಬಿಟ್ಟು ಆಫೀಸಿನೊಳಗೆ ಸೇರಿಕೊಂಡ.

ಎಷ್ಟೋ ವರ್ಷದ ನಂತರ ಜಿನೀವಾದಲ್ಲಿ ಕೆಲಸವಿದ್ದಾಗ ನಾನು ಕೂತ ರೈಲು ಸಿಯೆರ್ ಸ್ಟೇಷನ್ನಿನಲ್ಲಿ ನಿಂತಿತು. ರೋನ್ ನದಿಯ ಕಣಿವೆ, ಎರಡೂ ಕಡೆ ಗುಡ್ಡದ ಮೈತುಂಬ ದ್ರಾಕ್ಷಿ ತೋಟ. ಅಲ್ಲಿಂದ ಆಚೆಗೆ ಫ್ರೆಂಚ್ ಮುಗಿದು ಜರ್ಮನ್ ಶುರು. ಮಾಂಟ್ರಿಯಲ್‌ನಲ್ಲಿ ರಸ್ತೆ ದಾಟಿದರೆ ಜನ ಮುತ್ತಿಕೊಳ್ಳುತ್ತಿದ್ದ ಮನುಷ್ಯ ಇಲ್ಲಿಗೇಕೆ ಬಂದ ಎಂದು ಕಿಟಕಿಯಿಂದ ನೋಡುವಾಗ ಅನಿಸಿತು. ಯಾರೂ ನೋಡದ ಕಡೆ ಕಲಿಯಲು ಬಂದಿರಬೇಕು. ಇದು ನನ್ನ ಊಹೆ. ಆದರೆ ಉಳಿದ ದೊಡ್ಡವರ ಕಥೆ ನೋಡಿದರೆ ಊಹೆಗೆ ಬಲ ಬರುತ್ತದೆ. ಮಾಂಟ್ರಿಯಲ್‌ನವರ ಪಾಲಿಗೆ ದೇವರೇ ಆಗಿದ್ದ ಮೊರೀಸ್ ರಿಷಾರ್ 1972ರಲ್ಲಿ ಕ್ವಿಬೆಕ್ ನಗರದ ಹೊಸ ತಂಡಕ್ಕೆ ಕೋಚ್ ಆಗಿ ಎರಡೇ ಪಂದ್ಯಕ್ಕೆ ಕೈ ಮುಗಿದು ಮನೆಗೆ ಹೋದ. ಹಾಕಿಯ ಅತಿ ದೊಡ್ಡ ಹೆಸರಾದ ವೇಯ್ನ್ ಗ್ರೆಟ್ಸ್ಕಿ 2005ರಿಂದ ನಾಲ್ಕು ಋತು ಫೀನಿಕ್ಸ್ ತಂಡವನ್ನು ನಡೆಸಿದ. ಒಮ್ಮೆಯೂ ಪ್ಲೇಆಫ್‌ಗೆ ಏರಿಸಲಾಗಲಿಲ್ಲ. ಇನ್ನೊಂದು ಕಡೆ, ಲೆಮೇರನ ಗುರು ಸ್ಕಾಟಿ ಬೋಮನ್ ತಲೆಗೆ ಏಟು ಬಿದ್ದು ಹುಡುಗನಾಗಿದ್ದಾಗಲೇ ಆಟ ಬಿಟ್ಟವನು. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದವನು ಕೋಚ್‌ಗಳಲ್ಲೇ ದೊಡ್ಡವನಾದ. ಆಡಿ ಗೆದ್ದವನಿಗೆ ಆಡಿಸುವುದು ಬರುತ್ತದೆಂಬ ಭರವಸೆ ಇಲ್ಲ. ನಮ್ಮ ಸಾಫ್ಟ್‌ವೇರ್ ಲೋಕಕ್ಕೆ ಇದು ಇನ್ನೂ ಹೊಳೆದಿಲ್ಲ. ಒಳ್ಳೆಯ ಕೋಡ್ ಬರೆಯುವವನನ್ನು ಶುಕ್ರವಾರ ಹೊಗಳಿ ಸೋಮವಾರ ಹತ್ತು ಜನರ ಮೇಲೆ ಕೂರಿಸುತ್ತೇವೆ. ಅವನಿಗೊಂದು ಸಿಯೆರ್ ಯಾರೂ ಕೊಡುವುದಿಲ್ಲ.

ನನ್ನನ್ನೂ ಹಾಗೆಯೇ ಕೂರಿಸಿದರು. ನನಗಿಂತ ಇಪ್ಪತ್ತು ವರ್ಷ ಹೆಚ್ಚು ಅನುಭವವಿದ್ದ ಗೆಳೆಯ ಮಾತ್ರ ಬಡ್ತಿ ಬಂದಾಗಲೆಲ್ಲ ಬೇಡವೆಂದು ತಲೆ ತಪ್ಪಿಸಿಕೊಳ್ಳುತ್ತಿದ್ದ. ಸಂಜೆ ಐದಾದರೆ ಅವನಿಗೆ ಬೇರೆ ಕೆಲಸ. ಚಳಿಗಾಲದಲ್ಲಿ ಅಲ್ಲಿನ ಬಡಾವಣೆಯ ಪಾರ್ಕುಗಳಿಗೆ ನಗರಸಭೆಯವರು ನೀರು ಹಾಯಿಸಿ ಹೆಪ್ಪುಗಟ್ಟಿಸಿ ಬಯಲು ರಿಂಕ್ ಮಾಡುತ್ತಾರೆ. ಪಕ್ಕದಲ್ಲೊಂದು ಬೆಚ್ಚನೆಯ ಕೋಣೆ, ಬೂಟಿನ ಅಲಗಿಗೆ ಏನೂ ಆಗದಂತೆ ನೆಲಕ್ಕೆ ರಬ್ಬರ್ ಹಾಸು, ಒದ್ದೆ ಕೈಗವಸುಗಳ ವಾಸನೆ. ಅಲ್ಲಿ ಅವನು ಮಗಳ ತಂಡಕ್ಕೆ ಕೋಚ್. ನಾನೂ ಕೆಲವು ಸಂಜೆ ಹೋಗಿ ಮಕ್ಕಳ ಸ್ಕೇಟ್ ದಾರ ಬಿಗಿಯುವ ಕೆಲಸ ಮಾಡಿದ್ದೇನೆ. ಬೆರಳು ಮರಗಟ್ಟುತ್ತಿತ್ತು. ಒಂಬತ್ತು ಹತ್ತು ವರ್ಷದ ಹುಡುಗಿಯರು ಪಕ್ಕಿನ ಹಿಂದೆ ಗುಂಪಾಗಿ ಓಡುವುದನ್ನು ಬಿಡಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ‘ಪಕ್ ನೋಡಬೇಡ, ಪಕ್ ಎಲ್ಲಿಗೆ ಹೋಗಲು ಆಗುವುದಿಲ್ಲವೋ ಆ ಜಾಗ ಮಾಡು’ ಎನ್ನುತ್ತಿದ್ದ. ಅರ್ಥವಾಗದಿದ್ದರೆ ಮತ್ತೆ ಹೇಳುತ್ತಿದ್ದ. ಆಮೇಲೆ ಮಂಜಿನ ಮೇಲೆ ಕೋಲಿನಿಂದ ಗೆರೆ ಎಳೆದು ತೋರಿಸುತ್ತಿದ್ದ.

ಅದು ಲೆಮೇರನ ಪಾಠ. ಜಗತ್ತು ಅದನ್ನು ಟ್ರ್ಯಾಪ್ ಎಂದು ಕರೆದು ಬೈಯುತ್ತಿತ್ತು. ಐಸ್ ಹಾಕಿಯ ಮೈದಾನವನ್ನು ಎರಡು ನೀಲಿ ಗೆರೆಗಳು ಮೂರು ಪಾಲು ಮಾಡುತ್ತವೆ: ನಮ್ಮ ಕಡೆ, ಎದುರಾಳಿಯ ಕಡೆ, ನಡುವೆ ಯಾರಿಗೂ ಸೇರದ ಪಟ್ಟಿ. ಟ್ರ್ಯಾಪ್ ಆಡುವ ತಂಡ ಒಬ್ಬನನ್ನು ಮಾತ್ರ ಮುಂದೆ ಕಳಿಸುತ್ತದೆ. ಅವನ ಕೆಲಸ ಪಕ್ ಕಸಿಯುವುದಲ್ಲ, ಪಕ್ ಇಟ್ಟುಕೊಂಡವನನ್ನು ಒಂದು ಅಂಚಿಗೆ ಸರಿಯುವಂತೆ ಮಾಡುವುದು. ಉಳಿದ ನಾಲ್ವರು ನಡುವಣ ಪಟ್ಟಿಯಲ್ಲಿ ದಾರಿ ಮುಚ್ಚಿ ನಿಲ್ಲುತ್ತಾರೆ. ಆ ಕಾಲದಲ್ಲಿ ಇನ್ನೊಂದು ನಿಯಮವಿತ್ತು. ತನ್ನ ನೀಲಿ ಗೆರೆಯ ಹಿಂದಿನಿಂದ ನಡುಮಧ್ಯದ ಕೆಂಪು ಗೆರೆಯಾಚೆಗೆ ಒಂದೇ ಪಾಸ್ ಕೊಡುವಂತಿರಲಿಲ್ಲ. ಹಾಗಾಗಿ ದಾಳಿಗೆ ಬರುವವರು ಆ ಇಕ್ಕಟ್ಟಿನ ಮೂಲಕವೇ ಬರಬೇಕು. ಮುಂಗಾರಿನ ಮೊದಲ ಮಳೆಗೆ ನಮ್ಮ ಕಡೆ ಗದ್ದೆಯ ಬದುವಿನಲ್ಲಿ ಕೂಣಿ ಇಡುತ್ತಾರಲ್ಲ, ಹಾಗೆಯೇ ಇದು. ಮೀನನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲ. ಅದು ಏರಲೇಬೇಕಾದ ದಾರಿ ಒಂದೇ ಇರುವಂತೆ ನೋಡಿಕೊಂಡರೆ ಸಾಕು.

ಲೆಮೇರ್ ಕೋಚ್ ಆಗಿದ್ದ ನ್ಯೂಜೆರ್ಸಿ ಡೆವಿಲ್ಸ್ ತಂಡ 1995ರಲ್ಲಿ ಹೀಗೆ ಆಡಿ, ಬೋಮನ್ ನಡೆಸುತ್ತಿದ್ದ ಬಲಿಷ್ಠ ಡೆಟ್ರಾಯ್ಟ್ ತಂಡವನ್ನು ಫೈನಲ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋಲಿಸಿತು. ಗುರುವಿಗೆ ತಿರುಮಂತ್ರ. ಅಲ್ಲಿಂದ ಮುಂದೆ ಎಲ್ಲ ಕೋಚ್‌ಗಳೂ ಅದನ್ನೇ ಹಿಡಿದರು, ಆಟ ಮಂದವಾಯಿತು, ಎಲ್ಲರೂ ಲೆಮೇರನತ್ತ ಬೆರಳು ತೋರಿಸಿದರು. ನನ್ನ ಗೆಳೆಯ ಅವನ ಪರ ವಾದಿಸುವಾಗ ಯಾವಾಗಲೂ ಮಿನ್ನೆಸೋಟಾ ತಂಡವನ್ನು ಮುಂದಿಡುತ್ತಿದ್ದ. ಹೊಸ ತಂಡಕ್ಕೆ ಆಟಗಾರರು ಸಿಗುವುದು ಹೇಗೆ? ಹಳೇ ತಂಡಗಳು ತಮಗೆ ಬೇಕಾದವರನ್ನು ಉಳಿಸಿಕೊಂಡು, ಬಿಟ್ಟುಕೊಟ್ಟವರಲ್ಲಿ ಆರಿಸಿಕೊಳ್ಳಬೇಕು. ಅಂಥವರನ್ನು ಕಟ್ಟಿಕೊಂಡು ಇನ್ನೇನು ಆಡಿಸಲು ಸಾಧ್ಯ ಎಂಬುದು ಅವನ ವಾದ. ನ್ಯೂಜೆರ್ಸಿಯ ನೆಲದ ಹಾಸಿಗೆಯಿಂದ ಎದ್ದು ಬಂದಿದ್ದ ನನಗೆ ಆ ವಾದ ಬೇಗ ಹಿಡಿಸಿತು. 2001ರಲ್ಲಿ ಕಂಪನಿಗಳು ಮುಳುಗಿದಾಗ ನನ್ನ ಜೊತೆಗಿದ್ದವರು ಕಾರನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಊರಿಗೆ ಮರಳುತ್ತಿದ್ದರು. ಅಂಥ ದಿನಗಳಲ್ಲಿ, ಯಾರಿಗೂ ಬೇಡವಾದವರು ಜಾಗ ಹಿಡಿದು ನಿಂತು ಶ್ರೀಮಂತ ತಂಡಗಳ ಉಸಿರುಗಟ್ಟಿಸುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಈಗ ಆ ವಾದದ ಅರ್ಧವನ್ನು ಮಾತ್ರ ಒಪ್ಪುತ್ತೇನೆ. ಮಿನ್ನೆಸೋಟಾಕ್ಕೆ ಅದು ಸರಿ. ಆದರೆ 1995ರ ನ್ಯೂಜೆರ್ಸಿಯೇನು ಬಡ ತಂಡವೇ? ಗೋಲಿನಲ್ಲಿ ಮಾರ್ಟಿನ್ ಬ್ರೋಡರ್, ರಕ್ಷಣೆಯಲ್ಲಿ ಸ್ಕಾಟ್ ಸ್ಟೀವನ್ಸ್, ಸ್ಕಾಟ್ ನೀಡರ್‌ಮಯರ್. ಮೂವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದವರು. ನೀಡರ್‌ಮಯರ್‌ನಂತೆ ಸ್ಕೇಟ್ ಮಾಡುವವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು. ಆ ಹುಡುಗನಿಗೂ ಕಾಯಲು ಹೇಳಿದ್ದಕ್ಕೆ ಇಲ್ಲದವನ ಕಷ್ಟದ ನೆಪ ಒಪ್ಪುವುದಿಲ್ಲ. ಬಡವನ ಆಯುಧವನ್ನು ಸಿರಿವಂತನೂ ಎತ್ತಿಕೊಂಡಾಗ ಆಟ ಸೊರಗಿತು. 2004-05ರ ಇಡೀ ಋತು ಮಾಲೀಕರ ಮತ್ತು ಆಟಗಾರರ ಜಗಳದಲ್ಲಿ ರದ್ದಾಯಿತು. ಮತ್ತೆ ಬಾಗಿಲು ತೆಗೆದಾಗ ಕೆಂಪು ಗೆರೆಯ ನಿಯಮ ಹೋಗಿತ್ತು, ಅಡ್ಡಹಾಕಿ ಎಳೆದಾಡುವವರಿಗೆ ಕಟ್ಟುನಿಟ್ಟಿನ ಶಿಕ್ಷೆ ಬಂದಿತ್ತು. ಆ ಬದಲಾವಣೆಗಳಿಗೆ ಲೆಮೇರ್ ಪರೋಕ್ಷವಾಗಿ ಕಾರಣ. ಆಟಕ್ಕೆ ಅವು ಒಳ್ಳೆಯದನ್ನೇ ಮಾಡಿದವು.

ಆದರೂ 2003ರ ವಸಂತವನ್ನು ನನ್ನಿಂದ ಯಾರೂ ಕಸಿದುಕೊಳ್ಳಲಾರರು. ಮೂರನೇ ವರ್ಷಕ್ಕೇ ವೈಲ್ಡ್ ಪ್ಲೇಆಫ್ ತಲುಪಿತ್ತು. ಮೊದಲ ಸುತ್ತಿನಲ್ಲಿ ಎದುರಾದದ್ದು ಕೊಲರಾಡೊ: ಜೋ ಸಾಕಿಕ್, ಪೀಟರ್ ಫೋರ್ಸ್‌ಬರ್ಗ್, ಗೋಲಿನಲ್ಲಿ ಪ್ಯಾಟ್ರಿಕ್ ರ್ವಾ. ಸರಣಿ 1-3. ಗೆಳೆಯ ಬೇಸ್‌ಮೆಂಟಿನಲ್ಲಿ ಟಿವಿ ಮುಂದೆ ಆಗಲೇ ಶೋಕಾಚರಣೆ ಆರಂಭಿಸಿದ್ದ. ಐದನೆಯದು ಗೆದ್ದರು, ಆರನೆಯದು ಹೆಚ್ಚುವರಿ ಅವಧಿಯಲ್ಲಿ ಗೆದ್ದರು. ಏಳನೆಯದೂ ಹೆಚ್ಚುವರಿ ಅವಧಿಗೆ ಹೋಯಿತು. ಆಗ ಆಂಡ್ರ್ಯೂ ಬ್ರುನೆಟ್, ಇಡೀ ಲೀಗ್‌ನಲ್ಲಿ ನಿಧಾನಕ್ಕೆ ಸ್ಕೇಟ್ ಮಾಡುವವರಲ್ಲಿ ಒಬ್ಬನೆಂದು ಎಲ್ಲರೂ ಗೇಲಿ ಮಾಡುತ್ತಿದ್ದವನು, ಗೋಲಿನ ಮುಂದೆ ಅಡ್ಡ ಹಾಯ್ದು ಪಕ್ಕನ್ನು ಹಿಂಗೈಯಿಂದ ಒಳಗೆ ಸೇರಿಸಿದ. ರ್ವಾ ಆಡಿದ ಕೊನೆಯ ಪಂದ್ಯ ಅದು. ನಾನು ಸೋಫಾದಿಂದ ಹಾರಿದ ರಭಸಕ್ಕೆ ಟೀಪಾಯಿಯ ಕಾಲು ಮುರಿಯಿತು. ಮುಂದಿನ ಸುತ್ತಿನಲ್ಲಿ ವ್ಯಾಂಕೂವರ್ ವಿರುದ್ಧವೂ 1-3ರಿಂದ ಮೇಲೆದ್ದು ಗೆದ್ದರು. ಒಂದೇ ಪ್ಲೇಆಫ್‌ನಲ್ಲಿ ಎರಡು ಸಲ ಹಾಗೆ ಮಾಡಿದ ತಂಡ ಅದಕ್ಕೆ ಮೊದಲು ಇರಲಿಲ್ಲ. ಮೂರನೇ ಸುತ್ತಿನಲ್ಲಿ ಅನಾಹೈಮ್‌ನ ಗೋಲಿ ಜಿಗೇರ್ ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ಟ್ರ್ಯಾಪ್ ಹಾಕಿದವರನ್ನು ಅದೇ ಹದದಲ್ಲಿ ಕಟ್ಟಿಹಾಕಿದ್ದರು. ಆ ವರ್ಷದ ಶ್ರೇಷ್ಠ ಕೋಚ್‌ಗೆ ಕೊಡುವ ಜ್ಯಾಕ್ ಆಡಮ್ಸ್ ಪ್ರಶಸ್ತಿ ಲೆಮೇರನಿಗೆ ಸಿಕ್ಕಿತು. 1994ರ ನಂತರ ಎರಡನೆಯದು.

ಅವನಲ್ಲಿ ನನಗೆ ಹಿಡಿಸಿದ್ದು ಈ ಗೆಲುವುಗಳಿಗಿಂತ ಇನ್ನೊಂದು ಸಂಗತಿ. ಅವನ ತಂಡಕ್ಕೆ ಕಾಯಂ ನಾಯಕನಿರಲಿಲ್ಲ. ಸುಮಾರು ತಿಂಗಳಿಗೊಬ್ಬನಂತೆ ನಾಯಕನ ಗುರುತು ಒಬ್ಬರ ಅಂಗಿಯಿಂದ ಇನ್ನೊಬ್ಬರ ಅಂಗಿಗೆ ದಾಟುತ್ತಿತ್ತು. ನಾಲ್ಕು ವರ್ಷ ಸ್ವಿಟ್ಜರ್‌ಲೆಂಡಿನಲ್ಲಿ ಆಡುತ್ತ ಎಲ್ಲರೂ ಮರೆತುಹೋಗಿದ್ದ ವೆಸ್ ವಾಲ್ಜ್ ಎಂಬವನನ್ನು ಕರೆಸಿ, ಎದುರಾಳಿಯ ದೊಡ್ಡ ಆಟಗಾರರನ್ನು ಕಾಯುವ ಕೆಲಸಕ್ಕೆ ನಿಲ್ಲಿಸಿದರು. ಯಾರ ಕೈಲಿ ಏನಾಗುತ್ತದೆ, ಏನಾಗುವುದಿಲ್ಲ ಎಂದು ನೋಡಿ, ಆಗುವುದನ್ನಷ್ಟೇ ಕೇಳುವುದು ಲೆಮೇರನ ರೀತಿ. ಅವನ ಕೈಕೆಳಗೆ ಆಡಿದವರು ಅವನನ್ನು ಮೇಷ್ಟ್ರು ಎಂದೇ ನೆನೆಯುತ್ತಾರೆ.

ನನ್ನ ಸ್ವಂತ ಮೇಷ್ಟ್ರನ್ನು ಹಾಗೆ ನೆನೆಯಲು ನನಗೆ ಆಗುತ್ತಿಲ್ಲ. ಆಟಗಾರನಾಗಿ ಅವರಂಥವರನ್ನು ನಾನು ಮತ್ತೆ ಕಂಡಿಲ್ಲ. ಐವತ್ತು ದಾಟಿದ ಮೇಲೂ, ಖಾಕಿ ಚಡ್ಡಿಯಲ್ಲಿ, ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ನಮ್ಮೆಲ್ಲರ ನಡುವೆ ಹಾಯ್ದು ಗೋಲು ತಲುಪುತ್ತಿದ್ದರು. ‘ಹೀಗೆ!’ ಎನ್ನುತ್ತಿದ್ದರು. ಹೇಗೆ ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ. ನಮಗೂ ಬರದಿದ್ದಾಗ ಕೋಲು ಮೊಣಕಾಲ ಹಿಂದಕ್ಕೆ ಬೀಳುತ್ತಿತ್ತು. ಪೋಲಿಯೊದಿಂದ ಒಂದು ಕಾಲು ಸಣ್ಣದಾಗಿದ್ದ ಹುಡುಗನೊಬ್ಬ ದಿನವೂ ಮೈದಾನದ ಅಂಚಿನಲ್ಲಿ ನಿಂತಿರುತ್ತಿದ್ದ. ಅವನಿಗೆ ಗೋಲಿನಲ್ಲಿ ನಿಲ್ಲು ಎಂದು ಒಮ್ಮೆಯೂ ಹೇಳಲಿಲ್ಲ. ನಾವು ಅವರನ್ನು ಪೂಜಿಸಿದೆವು, ಈಗಲೂ ಊರಿನ ಹಳೆಯ ಹುಡುಗರು ಸೇರಿದರೆ ಅವರ ಡ್ರಿಬ್ಲಿಂಗ್ ಮಾತೇ ಬರುತ್ತದೆ. ನನಗೂ ಅದು ಪ್ರೀತಿಯ ನೆನಪು. ಅವರ ಹಳೇ ಕೋಲಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ನನಗೆ ಕೊಟ್ಟ ದಿನ ನಾನು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗಿದ್ದೆ. ಆದರೆ ಕಲಿಸುವವರಾಗಿ ಅವರು ಸೋತವರು. ಅವರೊಳಗಿನ ಆಟಗಾರ ಅವರನ್ನು ಬಿಟ್ಟುಹೋಗಲೇ ಇಲ್ಲ. ಪ್ರತಿ ಸಂಜೆಯೂ ಅವರು ನಮ್ಮ ವಿರುದ್ಧ ಆಡಿ ಗೆಲ್ಲುತ್ತಿದ್ದರು. ಮಾಂಟ್ರಿಯಲ್ ಅವರ ಆಟವನ್ನು ಕೊಂದದ್ದು ನಿಜವೇ ಇರಬಹುದು. ಆ ಕೋಪವನ್ನು ನಮ್ಮ ಮೊಣಕಾಲಿನ ಮೇಲೆ ತೀರಿಸಿಕೊಂಡದ್ದೂ ನಿಜ. ಈಗ ನಮ್ಮ ಜಿಲ್ಲೆಯಲ್ಲೂ ಕೃತಕ ಹಾಸಿನ ಮೈದಾನಗಳಿವೆ. ಅದರ ಮೇಲೆ ಕಲಿತ ಮಕ್ಕಳಿಗೆ ಈ ಕೋಪ ತಿಳಿಸಿದರೆ ನಗುತ್ತಾರೆ.

ಕೊಲರಾಡೊ ವಿರುದ್ಧ ಆ ಕೊನೆಯ ಗೋಲು ಹೊಡೆದ ಬ್ರುನೆಟ್ ಕೂಡ ಮುಂದೆ ಕೋಚ್ ಆದ. 2021-22ರಲ್ಲಿ ಫ್ಲೋರಿಡಾ ತಂಡದ ಕೋಚ್ ನಡುವೆ ರಾಜೀನಾಮೆ ಕೊಟ್ಟಾಗ ಇವನನ್ನು ನಿಲ್ಲಿಸಿದರು. ಆ ಋತುವಿನಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಹೊಡೆದದ್ದು ಅವನ ತಂಡ. ಲೆಮೇರನ ಗರಡಿಯಲ್ಲಿ ಪಳಗಿದವನು, ನಿಧಾನಿ ಎಂದು ಹೆಸರಾದವನು, ಎಲ್ಲರಿಗಿಂತ ಬಿರುಸಾಗಿ ದಾಳಿ ಮಾಡಿಸಿದ. ಶಿಷ್ಯ ಗುರುವಿನ ಹಾದಿ ಬಿಟ್ಟ ಎಂದು ನಾನು ಬರೆದರೆ, ಇರುವ ಆಟಗಾರರನ್ನು ನೋಡಿ ಆಡಿಸುವುದನ್ನೇ ಅಲ್ಲವೇ ಅವನು ಕಲಿತದ್ದು ಎಂದು ಗೆಳೆಯ ಬರೆದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗ್ಯಾಬೊರಿಕ್ ವಿಷಯಕ್ಕೆ ಬಂದರೆ ಮಾತ್ರ ಇಬ್ಬರೂ ಪಟ್ಟು ಬಿಡುವುದಿಲ್ಲ. ಮರಿಯನ್ ಗ್ಯಾಬೊರಿಕ್ ವೈಲ್ಡ್ ತಂಡ ಡ್ರಾಫ್ಟ್‌ನಲ್ಲಿ ಆರಿಸಿದ ಮೊಟ್ಟಮೊದಲ ಹುಡುಗ, ಸ್ಲೊವಾಕಿಯಾದವನು, ಹದಿನೆಂಟು ವರ್ಷಕ್ಕೇ ಬಂದವನು. ಅವನು ವೇಗ ಹಿಡಿದರೆ ಒಳಾಂಗಣದ ಹದಿನೆಂಟು ಸಾವಿರ ಜನ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಎಂಟು ವರ್ಷ ಲೆಮೇರ್ ಅವನಿಗೆ ಹಿಂದೆ ಬಾ, ಹಿಂದೆ ಬಾ ಎನ್ನುತ್ತಲೇ ಇದ್ದ. ಹಕ್ಕಿಯ ರೆಕ್ಕೆ ಕಟ್ಟಿದ ಎಂಬುದು ನನ್ನ ಆಕ್ಷೇಪ. 2007ರ ಡಿಸೆಂಬರ್ 20ರಂದು ನ್ಯೂಯಾರ್ಕ್ ರೇಂಜರ್ಸ್ ಮೇಲೆ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದನಲ್ಲ, ಆ ರಾತ್ರಿ ಬೆಂಚಿನ ಹಿಂದೆ ನಿಂತಿದ್ದವನು ಯಾರು ಎಂದು ಗೆಳೆಯ ಕೇಳುತ್ತಾನೆ. 2009ರಲ್ಲಿ ಲೆಮೇರ್ ಮಿನ್ನೆಸೋಟಾ ಬಿಟ್ಟ. ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಗ್ಯಾಬೊರಿಕ್ ಅದೇ ಬೇಸಿಗೆಯಲ್ಲಿ ಅದೇ ರೇಂಜರ್ಸ್ ತಂಡಕ್ಕೆ ಹೋದ. ಇನ್ನು ನೋಡು, ಕಟ್ಟು ಬಿಚ್ಚಿದ ಮೇಲೆ ಹೇಗೆ ಹಾರುತ್ತಾನೆ ಎಂದು ನಾನು ಪಂಥ ಕಟ್ಟಿದ್ದೆ. ನ್ಯೂಯಾರ್ಕಿನ ಮೊದಲ ಋತುವಿನಲ್ಲಿ ಅವನು ಹೊಡೆದದ್ದು 42 ಗೋಲು. ಲೆಮೇರನ ಕೈಕೆಳಗೆ ಪೂರ್ತಿ ಆಡಿದ ಕೊನೆಯ ಋತುವಿನಲ್ಲೂ 42. ಪಂಥದ ಹಣ ಯಾರು ಯಾರಿಗೆ ಕೊಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.